ಸಹಾಯ ಬೇಕು: ಹೊರದೇಶದಿಂದ ಹಳೇ ಗ್ಲೈಡರ್ ತಂದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಗಡಿಯಾಚೆ ಒಂದು ಎಲ್‌ಎಸ್4 (ಒಬ್ಬರೇ ಕೂರುವ, ಎಂಜಿನ್ ಇಲ್ಲದ ಗ್ಲೈಡರ್ ವಿಮಾನ) ಮಾರಾಟಕ್ಕಿದೆ. ರೆಕ್ಕೆಯ ತುದಿಯಿಂದ ತುದಿಗೆ 15 ಮೀಟರ್, ಟ್ರೇಲರ್ ಸಮೇತ. ಹೋಗಿ ನೋಡಿ ಬಂದೆ. ಟಾರ್ಚ್ ಓರೆಯಾಗಿ ಹಿಡಿದರೆ ರೆಕ್ಕೆಯ ಜೆಲ್‌ಕೋಟ್‌ನಲ್ಲಿ (ಮೇಲಿನ ನುಣುಪು ಲೇಪದಲ್ಲಿ) ಕೂದಲೆಳೆಯಂಥ ಬಿರುಕುಗಳು ಕಾಣ್ತವೆ. ಮಾರುವವರು "ವಯಸ್ಸಾದ್ಮೇಲೆ ಇದ್ದದ್ದೇ" ಅಂತ ನಕ್ಕುಬಿಟ್ಟರು. ಲಾಗ್‌ಬುಕ್ ಮಾತ್ರ ಅಚ್ಚುಕಟ್ಟಾಗಿದೆ.

ನನ್ನ ತಲೆನೋವು ಕಾಗದಪತ್ರದ್ದು. ನಾಗರಿಕ ವಿಮಾನಯಾನದ ಬಗ್ಗೆ ದೇಶಗಳು ಮಾಡಿಕೊಂಡ 1944ರ ಷಿಕಾಗೊ ಒಪ್ಪಂದದ ಪ್ರಕಾರ ಒಂದೇ ವಿಮಾನ ಎರಡು ದೇಶಗಳಲ್ಲಿ ನೋಂದಣಿ ಆಗಿರುವಂತಿಲ್ಲ. ಅಲ್ಲಿ ರದ್ದಾಗಿ ಇಲ್ಲಿ ಆಗುವ ತನಕ ಹಾರಿಸಿ ತರುವ ಮಾತೇ ಇಲ್ಲ, ಟ್ರೇಲರ್‌ನಲ್ಲೇ ಎಳೆದು ತರಬೇಕು. ಪೂರ್ತಿ ಹಣವನ್ನು ರದ್ದತಿ ಪತ್ರ ಕೈಗೆ ಬಂದ ಮೇಲೆ ಕೊಡೋದೋ, ಮೊದಲೇ ಕೊಡೋದೋ? ರಫ್ತಿಗೆ ಬೇಕಾದ ಹಾರಾಟ ಯೋಗ್ಯತಾ ಪತ್ರ ಯಾರು ಮಾಡಿಸಬೇಕು? ಟ್ರೇಲರ್‌ಗೆ ಕಸ್ಟಮ್ಸ್‌ನವರು ಬೇರೆಯೇ ಸುಂಕ ಹಾಕ್ತಾರಾ? ಸ್ವತಃ ತಂದವರು ದಯವಿಟ್ಟು ತಿಳಿಸಿ.