ಎಂಟನೇ ಬಾಗಿಲು, ಹಳೇಮನೆ ಬಳಗ

ನಿಧಿ: [ವಿಡಿಯೊ, 58 ಸೆಕೆಂಡು] ಜಪಾನಿ ಅನಿಮೆ ‘ನರುಟೊ’ದಲ್ಲಿ ಗೈ ಸೆನ್ಸೈ (ಗೈ ಮೇಷ್ಟ್ರು) ಖಳನಾಯಕ ಮದಾರಾಗೆ ಒದ್ದದ್ದು. ನೂರನೇ ಸಲ ನೋಡ್ತಿದ್ದೀನಿ, ಇವತ್ತೂ ಅಳು ಬಂತು 😭

ಅಜ್ಜಿ: ಆ ಹುಡುಗ ಸುಟ್ಟುಹೋಗ್ತಿದಾನಲ್ಲೇ, ನೀರು ಹಾಕೋರು ಯಾರೂ ಇಲ್ವಾ?

ಸುಮಂತ್: ಹಾಕಿದ್ರು ಅಜ್ಜಿ. ಅದೇ ನನ್ನ ತಕರಾರು. ಎಂಟನೇ ಬಾಗಿಲು ತೆಗೆದವನು ಸಾಯಲೇಬೇಕು. ‘ನರುಟೊ’ ಶುರುವಿನಿಂದ ಹೇಳ್ಕೊಂಡು ಬಂದಿದ್ದು ಅದೇ. ಕೊನೇಲಿ ಹೀರೊ ನರುಟೊ ಬಂದು ಎದೆ ಮೇಲೆ ಕೈಯಿಟ್ಟ, ಬದುಕಿಸಿಬಿಟ್ಟ. ಮೋಸ.

ರಮೇಶ್ ಚಿಕ್ಕಪ್ಪ: ಎಂಥ ಬಾಗಿಲೋ ಅದು? ಮನೆಯದ್ದಾ?

ನಿಧಿ: ಚಿಕ್ಕಪ್ಪ, ಮೈಯೊಳಗೆ ಶಕ್ತಿಗೆ ಹಾಕಿರೋ ಎಂಟು ತಡೆ ಅಂದ್ಕೊಳ್ಳಿ. ಒಂದೊಂದಾಗಿ ತೆಗೀಬೇಕು. ಕೊನೇದು ಹೃದಯದಲ್ಲಿ. ತೆಗೆದರೆ ಹೊಕಾಗೆಯನ್ನೂ (ಅವರ ಊರಿನ ಮುಖ್ಯಸ್ಥ) ಮೀರಿಸೋ ಬಲ, ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಸಾವು. ಆ ಕೆಂಪು ಹಬೆ ಇದೆಯಲ್ಲ, ಅದು ಅವನ ರಕ್ತದ್ದೇ.

ವಾಣಿ ಅತ್ತೆ: ಅಯ್ಯೋ. ಕಾಲು ಏನಾಯ್ತು?

ನಿಧಿ: ಬಲಗಾಲಿನ ಮೂಳೆ ಪುಡಿ ಅತ್ತೆ. ಅವನ ಶಿಷ್ಯ ಲೀ ಐದೇ ತೆಗೆದು ಮೈ ಸೋತು, ಎದುರಾಳಿ ಗಾರಾ ಕೈಯಲ್ಲಿ ಕೈಕಾಲು ಮುರಿಸ್ಕೊಂಡು, ವೈದ್ಯೆ ತ್ಸುನಾಡೆ ಆಪರೇಷನ್ ಮಾಡಬೇಕಾಯ್ತು. ಇವನದು ಎಂಟು!

ರಮೇಶ್ ಚಿಕ್ಕಪ್ಪ: ಒದೆಸಿಕೊಂಡವನು ಸತ್ತನಾ?

ಸುಮಂತ್: ಇಲ್ಲ. ಹೆಚ್ಚುಕಮ್ಮಿ ಅರ್ಧ ಮೈ ಹಾರಿಹೋಯ್ತು, ವಾಪಸ್ ಬೆಳೀತು.

ರಮೇಶ್ ಚಿಕ್ಕಪ್ಪ: ಒದ್ದವನೂ ಸಾಯಲಿಲ್ಲ, ಒದೆಸಿಕೊಂಡವನೂ ಸಾಯಲಿಲ್ಲ. ಭಲೇ ಬಾಗಿಲು ಕಣ್ರೋ 😂

ನಿಧಿ: ಅಣ್ಣ, ನೀನು ಸರಿಯಾಗಿ ನೋಡೇ ಇಲ್ಲ. ಗೈ ಸತ್ತಿರಲಿಲ್ಲ. ಮೈಯೆಲ್ಲ ಇದ್ದಿಲು, ಬೂದಿ ಉದುರ್ತಿತ್ತು, ಜೀವ ಇನ್ನೂ ಒಂದೆಳೆ ಇತ್ತು. ಆರ್ತಿರೋ ದೀಪಕ್ಕೆ ಕೈ ಅಡ್ಡ ಹಿಡಿಯೋದೇ ಬೇರೆ, ಆರಿದ ಮೇಲೆ ಹಚ್ಚೋದೇ ಬೇರೆ. ನರುಟೊ ಹಿಡಿದದ್ದು ಕೈ ಅಷ್ಟೇ.

ಸುಮಂತ್: ಆ ಕೈಗೆ ಶಕ್ತಿ ಸಿಕ್ಕಿದ್ದು ಯಾವಾಗ? ಸರಿಯಾಗಿ ಅದೇ ಹೊತ್ತಿಗೆ! ಹಳೇ ಕಾಲದ ಋಷಿ ಹಗೊರೊಮೊ ಬಂದು ಅರ್ಧ ಶಕ್ತಿ ನರುಟೊಗೆ, ಅರ್ಧ ಅವನ ಗೆಳೆಯ ಸಾಸುಕೆಗೆ ಹಂಚ್ತಾನೆ, ಬಲಗೈಲಿ ಸೂರ್ಯನ ಗುರುತು ಮೂಡುತ್ತೆ, ಇಲ್ಲಿ ಗೈ ಬಿದ್ದಿರ್ತಾನೆ. ಕಥೆ ಬರೆದವರಿಗೆ ಪಾತ್ರ ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ, ಅಷ್ಟೇ.

ನಿಧಿ: ಹಾಗಿದ್ರೆ ನೇಜಿನ ಯಾಕೆ ಬಿಟ್ಟುಕೊಟ್ರು? ಅವನೂ ಗೈ ಶಿಷ್ಯನೇ, ಅದೇ ಯುದ್ಧ, ನರುಟೊ ಕೈಯಲ್ಲೇ ಪ್ರಾಣ ಬಿಟ್ಟ. ಆಗ ಈ ಶಕ್ತಿ ಇರಲಿಲ್ಲ, ಉಳಿಸೋಕಾಗಲಿಲ್ಲ. ಲೆಕ್ಕ ಸರಿಯಾಗೇ ಇದೆ.

ಸುಮಂತ್: ಈ ಮಾತಿಗೆ ಒಂದು ಅಂಕ. ಆದ್ರೆ ಗೈಯ ಅಪ್ಪ ಡೈ? ಜೀವನವಿಡೀ ಗೆನಿನ್ (ಕೆಳದರ್ಜೆಯ ನಿಂಜಾ) ಆಗೇ ಉಳಿದವನು, ಎಲ್ಲರೂ ನಗ್ತಿದ್ದವನು. ಮಂಜಿನ ಊರಿನ ಏಳು ಖಡ್ಗದವರ ಮುಂದೆ ಎಂಟನೇ ಬಾಗಿಲು ತೆಗೆದು ಸತ್ತ. ಅವನಿಗೆ ಅಡ್ಡ ಹಿಡಿಯೋಕೆ ಯಾರ ಕೈಯೂ ಇರಲಿಲ್ಲ. ಮಗ ಬದುಕಿದ್ರೆ ಅಪ್ಪನ ಸಾವು ಅಗ್ಗ ಆಗಲ್ವಾ?

ವಾಣಿ ಅತ್ತೆ: ಒಂದು ನಿಮಿಷ. ಅಪ್ಪ ಯಾರನ್ನ ಉಳಿಸೋಕೆ ಸತ್ತ?

ಸುಮಂತ್: ಗೈನೇ ಅತ್ತೆ. ಜೊತೆಗೆ ಅವನ ಇಬ್ಬರು ಗೆಳೆಯರನ್ನ.

ವಾಣಿ ಅತ್ತೆ: ಮತ್ತೆ? ಆ ಮಗನೇ ಬದುಕಿದ್ದಕ್ಕೆ ನಿನಗೇನೋ ಹೊಟ್ಟೆಯುರಿ!

ನಿಧಿ: 👏👏👏

ಸುಮಂತ್: ಅತ್ತೆ ಎಪಿಸೋಡ್ ನೋಡಿಲ್ಲ, ಅವರ ಮಾತು ಲೆಕ್ಕಕ್ಕಿಲ್ಲ.

ವಾಣಿ ಅತ್ತೆ: ನೋಡಬೇಕಾಗಿಲ್ಲ. ಆಮೇಲೆ ಓಡಾಡಿದನಾ ಅವನು?

ನಿಧಿ: ಇಲ್ಲ. ಮೂಲ ಕಾಮಿಕ್ಸಿನ 700ನೇ ಅಧ್ಯಾಯ, ಕೊನೇದು, ಅಲ್ಲೂ ಗಾಲಿಕುರ್ಚಿಯಲ್ಲೇ. ಕಾಲಿಗೆ ಪಟ್ಟಿ. ಒದೆಯೋದೇ ಬದುಕಾಗಿದ್ದವನು. ಇದು ಪುಕ್ಕಟೆನಾ ಅಣ್ಣ?

ಸುಮಂತ್: ಪುಕ್ಕಟೆ ಅಂದೆನಾ ನಾನು? ಸತ್ತಿದ್ರೆ ಕಥೆ ಗಟ್ಟಿಯಾಗಿರ್ತಿತ್ತು ಅಂದೆ. ಈಗಲೂ ಅದನ್ನೇ ಅಂತೀನಿ.

ಅಜ್ಜಿ: ಬದುಕಿದ್ದಾನಲ್ಲ ಬಿಡ್ರೋ. ಸುಮಂತಾ, ಊಟ ಆಯ್ತೇನೋ?

ರಮೇಶ್ ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ರಮೇಶ್ ಚಿಕ್ಕಪ್ಪ: ನಿಧಿ, ಆ ಅಪ್ಪನ ಕಥೆ ಎಷ್ಟನೇ ಎಪಿಸೋಡಲ್ಲಿದೆ? ಇಲ್ಲಿ ಹಾಕಬೇಡ, ನನಗೊಬ್ಬನಿಗೇ ಕಳಿಸು.