‘ಒಳ್ಳೆಯ ಶಾಲೆ’ಗಳ ಪಟ್ಟಿ ಮತ್ತು 1967ರ ಡೆಟ್ರಾಯ್ಟ್

ಮಿಷಿಗನ್‌ಗೆ ಹೊಸದಾಗಿ ಬರುತ್ತಿರುವ ಸೋದರಿಯೊಬ್ಬರು, ಒಳ್ಳೆಯ ಶಾಲೆಗಳಿರುವ ಯಾವ ಊರಿನಲ್ಲಿ ಮನೆ ಮಾಡಬೇಕೆಂದು ಅಮೆರಿಕದ ಕನ್ನಡಿಗರ ಈ ಗುಂಪಿನಲ್ಲಿ ಕೇಳಿದ್ದರು. ಬಂದ ಉತ್ತರಗಳನ್ನೆಲ್ಲ ಓದಿದೆ. ನೋವಿ, ಟ್ರಾಯ್, ಕ್ಯಾಂಟನ್, ರಾಚೆಸ್ಟರ್ ಹಿಲ್ಸ್ ಎಂದು ಡೆಟ್ರಾಯ್ಟಿನ ಉಪನಗರಗಳ ಪಟ್ಟಿ ಕೊಟ್ಟವರು ಸರಿಯಾದುದನ್ನೇ ಹೇಳಿದ್ದಾರೆ. ನಾನೂ ಇಂತಹದೇ ಒಂದು ಊರಿನಲ್ಲಿ ಸಾಲದ ಕಂತು ಕಟ್ಟುತ್ತಿರುವವನು, ಆದ್ದರಿಂದ ಮನೆ ಎಲ್ಲಿ ಕೊಳ್ಳಬೇಕೆಂದು ಯಾರಿಗೂ ಉಪದೇಶ ಮಾಡಲಾರೆ. ಆದರೆ ಪಟ್ಟಿಯ ಜೊತೆಗೆ ಮೂರ್ನಾಲ್ಕು ಮಂದಿ ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಬರೆದಿದ್ದಾರೆ: ಎಯ್ಟ್ ಮೈಲ್ ರಸ್ತೆ (ಉಪನಗರಗಳಿಗೂ ಡೆಟ್ರಾಯ್ಟ್ ನಗರಕ್ಕೂ ನಡುವಿನ ಗಡಿ) ದಾಟಿ ಆಚೆ ಹೋಗಬೇಡಿ, ಆ ಜನ, ಅಂದರೆ ಅಲ್ಲಿನ ಕಪ್ಪು ಜನ, ತಮ್ಮ ಊರನ್ನು ತಾವೇ ಸುಟ್ಟುಕೊಂಡವರು. ಇದೇ ಮಾತು ನಮ್ಮ ಮನೆಗಳಲ್ಲಿ ಊಟ ಮಾಡುತ್ತಿರುವ ಮಕ್ಕಳ ಕಿವಿಗೂ ಬೀಳುತ್ತದೆ. ಹಾಗಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

1967ರ ಜುಲೈ 23, ಭಾನುವಾರ. ಇನ್ನೂ ಬೆಳಕು ಹರಿದಿರಲಿಲ್ಲ. ಡೆಟ್ರಾಯ್ಟಿನ 12ನೇ ಬೀದಿ ಮತ್ತು ಕ್ಲೇರ್‌ಮೌಂಟ್ ರಸ್ತೆ ಕೂಡುವಲ್ಲಿ ಒಂದು ಮುದ್ರಣಾಲಯ, ಅದರ ಮಹಡಿಯ ಮೇಲೆ ಪರವಾನಗಿ ಇಲ್ಲದ ಮದ್ಯದ ಅಡ್ಡೆ. ಅಲ್ಲಿ ವಿಯೆಟ್ನಾಂನಿಂದ ಮರಳಿದ್ದ ಸೈನಿಕರಿಗೆ ಔತಣ ನಡೆದಿತ್ತು. ದಾಳಿಗೆ ಬಂದ ಪೊಲೀಸರು ಕೆಲವೇ ಮಂದಿಯನ್ನು ನಿರೀಕ್ಷಿಸಿದ್ದರು. ಒಳಗೆ 80ಕ್ಕೂ ಹೆಚ್ಚು ಜನರಿದ್ದರು. ಎಲ್ಲರನ್ನೂ ಬಂಧಿಸಿದರು, ಸಾಗಿಸಲು ವಾಹನಗಳಿಗಾಗಿ ಕಾಯುತ್ತ ಬೀದಿಯಲ್ಲೇ ನಿಂತರು. ಸೆಕೆಯ ರಾತ್ರಿ, ಸುತ್ತಲಿನ ಮನೆಗಳಿಂದ ಜನ ಹೊರಬಂದರು, ಬಾಟಲಿಯೊಂದು ಹಾರಿತು. ಐದು ದಿನ ಕಳೆಯುವಷ್ಟರಲ್ಲಿ 43 ಮಂದಿ ಸತ್ತಿದ್ದರು. ಅವರಲ್ಲಿ 33 ಮಂದಿ ಕಪ್ಪು ಜನ. ಬಂಧಿತರ ಸಂಖ್ಯೆ 7,200 ದಾಟಿತ್ತು. ಆಗಿನ ಮೇಯರ್ ಜೆರೋಮ್ ಕ್ಯಾವನಾ ಉದಾರವಾದಿಯೆಂದು ಹೆಸರಾಗಿದ್ದವರು, ಕೇಂದ್ರದ ಅನುದಾನ ತರುವುದರಲ್ಲಿ ನಿಸ್ಸೀಮರು. ಆದರೆ ಅವರ ಪೊಲೀಸ್ ಇಲಾಖೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬಿಳಿಯರು.

ಮೊದಲ ಎರಡು ದಿನ ಸರ್ಕಾರ ಮಾಡಿದ್ದು ಲೆಕ್ಕಾಚಾರ. ರಾಜ್ಯಪಾಲ ಜಾರ್ಜ್ ರಾಮ್ನಿ ರಿಪಬ್ಲಿಕನ್, ಮುಂದಿನ ವರ್ಷ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಎದುರಾಳಿಯಾಗಬಹುದಾಗಿದ್ದವರು. ಸೇನೆ ಬೇಕಾದರೆ ‘ಇದು ದಂಗೆ, ನನ್ನ ಕೈಮೀರಿದೆ’ ಎಂದು ಬರೆದುಕೊಡಬೇಕೆಂದು ವಾಷಿಂಗ್ಟನ್ ಹೇಳಿತು. ಹಾಗೆ ಬರೆದುಕೊಟ್ಟರೆ ವಿಮಾ ಕಂಪನಿಗಳು ಪರಿಹಾರದಿಂದ ನುಣುಚಿಕೊಳ್ಳಬಹುದೆಂದು ರಾಮ್ನಿ ಹಿಂಜರಿದರು. ಊರು ಉರಿಯುತ್ತಿರುವಾಗ ಇವರು ಅರ್ಜಿಯ ಒಕ್ಕಣೆ ತಿದ್ದುತ್ತಿದ್ದರು. ಕೊನೆಗೆ 24ರ ಮಧ್ಯರಾತ್ರಿಯ ಹೊತ್ತಿಗೆ ಜಾನ್ಸನ್ ದೂರದರ್ಶನದಲ್ಲಿ ಕಾಣಿಸಿಕೊಂಡು ಸೇನೆ ಕಳಿಸಿದ್ದನ್ನು ತಿಳಿಸಿದರು.

ಇಲ್ಲೊಂದು ಸಂಗತಿ ಗಮನಿಸಿ. ಬಂದ ಸೇನಾಪಡೆಯಲ್ಲಿ ಅನುಭವಿಗಳಿದ್ದರು, ಕಪ್ಪು ಯೋಧರೂ ಸಾಕಷ್ಟಿದ್ದರು. ಅದರ ಮುಖ್ಯಸ್ಥ ಜನರಲ್ ತ್ರಾಕ್‌ಮಾರ್ಟನ್ ಬಂದೂಕುಗಳಿಂದ ಗುಂಡು ತೆಗೆದಿಡಲು ಆಜ್ಞೆ ಮಾಡಿದರು. 2,700 ಸೈನಿಕರು ಇಡೀ ಗಲಭೆಯಲ್ಲಿ ಹಾರಿಸಿದ್ದು ಕೇವಲ 201 ಗುಂಡು. ರಾಜ್ಯದ ಅರೆಕಾಲಿಕ ಸೇನೆಯಾದ ನ್ಯಾಷನಲ್ ಗಾರ್ಡ್‌ನ ತರಬೇತಿ ಸಾಲದ, ಹೆದರಿದ್ದ ಹುಡುಗರಲ್ಲಿ ಹೆಚ್ಚಿನವರು ಆ ಆಜ್ಞೆಯನ್ನು ಪಾಲಿಸಲೇ ಇಲ್ಲ. ಒಂದು ಮನೆಯೊಳಗೆ ಯಾರೋ ಸಿಗರೇಟು ಹಚ್ಚಿದ ಬೆಳಕನ್ನು ಬಂದೂಕಿನ ಮಿಂಚೆಂದು ತಿಳಿದು ಅವರು ಆ ಕಟ್ಟಡದ ಮೇಲೆ ಗುಂಡಿನ ಮಳೆಗರೆದರು. ಒಳಗಿದ್ದ 4 ವರ್ಷದ ಹುಡುಗಿ ಸತ್ತಳು. ಆಲ್ಜಿಯರ್ಸ್ ಮೋಟೆಲಿನಲ್ಲಿ ಮೂವರು ಕಪ್ಪು ಯುವಕರು ಗುಂಡಿಗೆ ಬಲಿಯಾದರು. ಮೊಕದ್ದಮೆ ಎದುರಿಸಿದ ಪೊಲೀಸರೆಲ್ಲ ಖುಲಾಸೆಯಾದರು.

‘ತಾವೇ ಸುಟ್ಟುಕೊಂಡರು’ ಎನ್ನುವವರು ಅದಕ್ಕೂ ಹಿಂದಿನ ಕತೆಯನ್ನು ಕೇಳಿರುವುದಿಲ್ಲ. 12ನೇ ಬೀದಿ ಕಿಕ್ಕಿರಿದದ್ದು ಹೇಗೆ? ಪೂರ್ವದಲ್ಲಿದ್ದ ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿ ಎಂಬ ಕಪ್ಪು ಜನರ ಕೇರಿಗಳನ್ನು, ಅವರ ಅಂಗಡಿ ಬೀದಿಯಾಗಿದ್ದ ಹೇಸ್ಟಿಂಗ್ಸ್ ಸ್ಟ್ರೀಟ್ ಸಮೇತ, ನಗರ ನವೀಕರಣದ ಹೆಸರಿನಲ್ಲಿ ಕೆಡವಿ ಕ್ರೈಸ್ಲರ್ ಹೆದ್ದಾರಿ ಹಾಕಿದರು. ಒಕ್ಕಲೆಬ್ಬಿಸಿದವರಿಗೆ ಎಲ್ಲೆಂದರಲ್ಲಿ ಮನೆ ಸಿಗುತ್ತಿರಲಿಲ್ಲ. ಎಯ್ಟ್ ಮೈಲ್ ರಸ್ತೆಯ ದಕ್ಷಿಣಕ್ಕೆ, ಬರ್ವುಡ್ ಬೀದಿಯ ಹಿಂದೆ, 1941ರಲ್ಲಿ ಕಟ್ಟಿದ ಗೋಡೆಯೊಂದು ಇವತ್ತಿಗೂ ಇದೆ. ಆರಡಿ ಎತ್ತರ, ಒಂದಡಿ ದಪ್ಪ, ಅರ್ಧ ಮೈಲಿ ಉದ್ದ. ಬಿಳಿಯರಿಗಾಗಿ ಬಡಾವಣೆ ಕಟ್ಟುತ್ತಿದ್ದವನಿಗೆ ಕೇಂದ್ರ ಸರ್ಕಾರದ ವಸತಿ ಸಂಸ್ಥೆಯು, ಪಕ್ಕದಲ್ಲೇ ಕಪ್ಪು ಜನರಿದ್ದಾರೆಂದು ಸಾಲದ ಖಾತರಿ ನಿರಾಕರಿಸಿತ್ತು. ನಡುವೆ ಗೋಡೆ ಕಟ್ಟಿದ ಮೇಲೆ ಖಾತರಿ ಸಿಕ್ಕಿತು! ಈಗ ಅದರ ಒಂದು ಭಾಗ ಮಕ್ಕಳ ಆಟದ ಮೈದಾನದ ಅಂಚಿನಲ್ಲಿದೆ. ಅದರ ಮೇಲೆ ಸ್ಥಳೀಯರು ಬಿಡಿಸಿದ ಬಣ್ಣದ ಚಿತ್ರಗಳಿವೆ. ನಾಗರಿಕ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಬಸ್ಸು ಹತ್ತುವ ಚಿತ್ರವೂ ಅಲ್ಲಿದೆ. ಕಾರು ನಿಲ್ಲಿಸಿ ಹತ್ತು ನಿಮಿಷ ಮಕ್ಕಳ ಜೊತೆ ಅದರ ಪಕ್ಕದಲ್ಲಿ ನಡೆಯಬಹುದು.

ನಮ್ಮ ಮೈಬಣ್ಣಕ್ಕೆ ನೇರವಾಗಿ ತಟ್ಟುವ ಇನ್ನೊಂದು ಸಂಗತಿ ಗ್ರೋಸ್ ಪಾಯಿಂಟ್‌ನದು. ಆ ಸಿರಿವಂತ ಉಪನಗರದಲ್ಲಿ ಮನೆ ಕೊಳ್ಳಬಯಸುವವರಿಗೆ ದಲ್ಲಾಳಿಗಳು ಗುಟ್ಟಾಗಿ ಅಂಕ ಕೊಡುತ್ತಿದ್ದರೆಂಬುದು 1960ರಲ್ಲಿ ಬಯಲಾಯಿತು. ಖಾಸಗಿ ಪತ್ತೇದಾರ ಬಂದು ವಿಚಾರಿಸುತ್ತಿದ್ದ: ಮೈಬಣ್ಣ ಎಷ್ಟು ಕಪ್ಪು? ಉಚ್ಚಾರಣೆ ಎಷ್ಟು ಒರಟು? ಬದುಕುವ ರೀತಿ ಅಮೆರಿಕನ್ನರಂತಿದೆಯೇ? ಪೋಲೆಂಡಿನವರಿಗೆ 55 ಅಂಕ ಬೇಕಿತ್ತು, ದಕ್ಷಿಣ ಯುರೋಪಿನವರಿಗೆ 65, ಯಹೂದಿಗಳಿಗೆ 85. ಕಪ್ಪು ಜನರಿಗೂ ಏಷ್ಯಾದವರಿಗೂ ಅಂಕಪಟ್ಟಿಯೇ ಇರಲಿಲ್ಲ. ಪರೀಕ್ಷೆಗೆ ಕೂರಲೂ ಅರ್ಹತೆ ಇರಲಿಲ್ಲ. ವಧುಪರೀಕ್ಷೆಯಲ್ಲಿ ಬಣ್ಣದ ಬಗ್ಗೆ ಪಿಸುಗುಟ್ಟುವ ನಮ್ಮವರಿಗೆ ಇದು ತೀರ ಅಪರಿಚಿತವೇನೂ ಅಲ್ಲ.

ಗಲಭೆ ಇನ್ನೂ ಆರುತ್ತಿರುವಾಗಲೇ ಇಂತಹ ಗಲಭೆಗಳ ಕಾರಣ ತಿಳಿಯಲು ಜಾನ್ಸನ್ 11 ಮಂದಿಯ ಆಯೋಗವನ್ನು ನೇಮಿಸಿದರು. ಇಲಿನಾಯ್ ರಾಜ್ಯಪಾಲ ಆಟೊ ಕರ್ನರ್ ಅಧ್ಯಕ್ಷರು, ನ್ಯೂಯಾರ್ಕಿನ ಮೇಯರ್ ಜಾನ್ ಲಿಂಡ್ಸೆ ಉಪಾಧ್ಯಕ್ಷರು. ಕಪ್ಪು ಸದಸ್ಯರು ಇಬ್ಬರೇ, ತೀವ್ರವಾದಿ ಹೋರಾಟಗಾರರು ಯಾರೂ ಇಲ್ಲ. ಅಟ್ಲಾಂಟಾದ ಪೊಲೀಸ್ ಮುಖ್ಯಸ್ಥರೂ ಒಬ್ಬರು. ಇಂತಹ ಸಭ್ಯರ ಆಯೋಗ ಏನು ಬರೆದೀತು ಎಂದುಕೊಂಡಿದ್ದವರಿಗೆ 1968ರ ಫೆಬ್ರವರಿ 29ರ ವರದಿ ಬೆಚ್ಚಿಬೀಳಿಸಿತು. ಗಲಭೆಗಳ ಹಿಂದೆ ಯಾವ ಸಂಚೂ ಇಲ್ಲ ಎಂದಿತು ಅದು. ಕಪ್ಪು ಕೇರಿಗಳನ್ನು ಹುಟ್ಟಿಸಿದ್ದು, ಉಳಿಸಿಕೊಂಡು ಬಂದದ್ದು ಬಿಳಿಯರ ಸಂಸ್ಥೆಗಳೇ ಎಂದಿತು. ದೇಶ ಎರಡು ಸಮಾಜಗಳಾಗಿ, ಒಂದು ಕಪ್ಪು ಒಂದು ಬಿಳಿ ಎಂದು, ಬೇರೆ ಬೇರೆಯಾಗಿ, ಅಸಮಾನವಾಗಿ ಒಡೆಯುತ್ತಿದೆ ಎಂದಿತು. ಬೀದಿಗಿಳಿದವನು ಎಂತಹವನೆಂದೂ ವಿಚಾರಿಸಿತ್ತು: ಹುಟ್ಟಿದಾಗಿನಿಂದ ಅದೇ ಊರಿನವನು, ಬೀದಿಗಿಳಿಯದ ನೆರೆಯವನಿಗಿಂತ ತುಸು ಹೆಚ್ಚೇ ಓದಿದವನು. 20 ಲಕ್ಷ ಉದ್ಯೋಗ, ಐದು ವರ್ಷಗಳಲ್ಲಿ 60 ಲಕ್ಷ ಮನೆ ಎಂದು ಶಿಫಾರಸು ಮಾಡಿತು. ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಆಯೋಗದ ಮುಂದೆ ಬಂದು, ಷಿಕಾಗೋದ 1919ರ ಗಲಭೆಯ ವರದಿ, ನ್ಯೂಯಾರ್ಕಿನ ಹಾರ್ಲೆಮ್‌ನ 1935ರದು, 1943ರದು, ಲಾಸ್ ಏಂಜಲಿಸ್‌ನ ವಾಟ್ಸ್‌ನದು ಎಲ್ಲವನ್ನೂ ಓದಿದ್ದೇನೆ, ಒಂದೇ ಚಲನಚಿತ್ರವನ್ನು ಮತ್ತೆ ಮತ್ತೆ ತೋರಿಸಿದಂತಿದೆ ಎಂದಿದ್ದರು. ಆಯೋಗ ಆ ಮಾತನ್ನು ತನ್ನ ವರದಿಯಲ್ಲೇ ಅಚ್ಚು ಹಾಕಿತು. ವಿಯೆಟ್ನಾಂ ಯುದ್ಧಕ್ಕೆ ಹಣ ಸುರಿಯುತ್ತಿದ್ದ ಜಾನ್ಸನ್ ವರದಿಯನ್ನು ಸಮಾರಂಭ ಮಾಡಿ ಸ್ವೀಕರಿಸಲಿಲ್ಲ, ಸದಸ್ಯರಿಗೆ ಬರೆದಿದ್ದ ಧನ್ಯವಾದ ಪತ್ರಗಳಿಗೆ ಸಹಿಯನ್ನೂ ಹಾಕಲಿಲ್ಲ. ಆಯೋಗದ ವರದಿ ಕಪಾಟು ಸೇರುವುದನ್ನು ಕಂಡು ಬೆಳೆದ ನಮಗೆ ಇದರಲ್ಲಿ ಹೊಸದೇನಿದೆ!

ಕಪಾಟು ಸೇರದೆ ಜಾರಿಯಾದದ್ದು ಬೇರೆ. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ನೂರಕ್ಕೂ ಹೆಚ್ಚು ಊರುಗಳು ಹೊತ್ತಿಕೊಂಡಾಗ, ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಕುಂಟುತ್ತಿದ್ದ ವಸತಿ ಹಕ್ಕಿನ ಮಸೂದೆ ಒಂದೇ ವಾರದಲ್ಲಿ ಕಾನೂನಾಯಿತು. ನಾನು, ನೀವು ಬಣ್ಣದ ತಪಾಸಣೆ ಇಲ್ಲದೆ ಮನೆ ಕೊಳ್ಳುವುದು ಆ ಕಾನೂನಿನ ಬಲದಿಂದ. ಅದೇ ಕಾನೂನಿನೊಳಗೆ, ಗಲಭೆಗೆ ಪ್ರಚೋದಿಸಲು ರಾಜ್ಯದ ಗಡಿ ದಾಟಿದವರಿಗೆ ಸೆರೆವಾಸ ಎಂಬ ಅಧ್ಯಾಯವನ್ನೂ ಸೇರಿಸಿದರು. ಜೂನ್‌ನಲ್ಲಿ ಬಂದ ಅಪರಾಧ ನಿಯಂತ್ರಣ ಕಾನೂನು ಸ್ಥಳೀಯ ಪೊಲೀಸರಿಗೆ ಕೇಂದ್ರದ ಹಣದ ಬಾಗಿಲು ತೆರೆಯಿತು. ಉದ್ಯೋಗಕ್ಕೆ, ಮನೆಗೆ ಎಂದು ಆಯೋಗ ಕೇಳಿದ್ದಷ್ಟು ಹಣ ಮಾತ್ರ ಸಿಗಲಿಲ್ಲ. ಡೆಟ್ರಾಯ್ಟಿನಲ್ಲಿ 1971ರಲ್ಲಿ ಮಫ್ತಿ ಪೊಲೀಸರ ‘ಸ್ಟ್ರೆಸ್’ ಎಂಬ ದಳ ಹುಟ್ಟಿತು. ಅದರ ಗುಂಡಿಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಕಪ್ಪು ಜನ. ಅದನ್ನು ಮುಚ್ಚುತ್ತೇನೆಂದು ಹೇಳಿಯೇ ಕೋಲ್‌ಮನ್ ಯಂಗ್ 1973ರಲ್ಲಿ ಆ ಊರಿನ ಮೊದಲ ಕಪ್ಪು ಮೇಯರ್ ಆಗಿ ಗೆದ್ದರು.

ಕ್ಯಾಲಿಫೋರ್ನಿಯಾದ ಸದಸ್ಯರಿಗೆ ಒಂದು ಮಾತು. ಕಾಡ್ಗಿಚ್ಚಿನ ಭಯಕ್ಕೆ ಉಳಿದ ಕಂಪನಿಗಳೆಲ್ಲ ಕೈಬಿಟ್ಟ ಮೇಲೆ ನಿಮ್ಮಲ್ಲಿ ಹಲವರು ‘ಫೇರ್ ಪ್ಲಾನ್’ ವಿಮೆ ತೆಗೆದುಕೊಂಡಿದ್ದೀರಿ. ಅದೂ 1968ರ ಕೂಸೇ. ಗಲಭೆಗಳ ನಂತರ ನಗರದ ಕೇರಿಗಳಿಗೆ ಯಾರೂ ವಿಮೆ ಕೊಡದಿದ್ದಾಗ ಕಾಂಗ್ರೆಸ್ ಇಂತಹ ಯೋಜನೆಗಳಿಗೆ ದಾರಿ ಮಾಡಿತು.

ಈಗ ಶಾಲೆಯ ವಿಷಯಕ್ಕೆ ಬರುತ್ತೇನೆ. ಡೆಟ್ರಾಯ್ಟಿನ ಶಾಲೆಗಳಲ್ಲಿ ಬಿಳಿಯರ ಮಕ್ಕಳು ವರ್ಷ ವರ್ಷವೂ ಕಡಿಮೆಯಾಗುತ್ತಿದ್ದಾಗ ಫೆಡರಲ್ ನ್ಯಾಯಾಧೀಶ ಸ್ಟೀಫನ್ ರಾತ್, ನಗರದ ಜೊತೆಗೆ ಸುತ್ತಲಿನ 53 ಉಪನಗರ ಶಾಲಾ ವಲಯಗಳನ್ನೂ ಸೇರಿಸಿ ಮಕ್ಕಳನ್ನು ಬೆರೆಸಬೇಕೆಂದು ಆದೇಶಿಸಿದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1974ರ ಜುಲೈ 25ರಂದು ಐವರು ನ್ಯಾಯಮೂರ್ತಿಗಳು ಆದೇಶವನ್ನು ರದ್ದು ಮಾಡಿದರು, ನಾಲ್ವರು ಒಪ್ಪಲಿಲ್ಲ. ಆ ಐವರಲ್ಲಿ ನಾಲ್ವರು ನಿಕ್ಸನ್ ನೇಮಿಸಿದವರು. ಉಪನಗರಗಳು ತಪ್ಪು ಮಾಡಿದ್ದಕ್ಕೆ ಸಾಕ್ಷ್ಯವಿಲ್ಲ, ಆದ್ದರಿಂದ ಶಾಲಾ ವಲಯದ ಗಡಿಯನ್ನು ಮುಟ್ಟುವಂತಿಲ್ಲ ಎಂಬುದು ತೀರ್ಪು. ನಮ್ಮ ಮಕ್ಕಳು ಒಟ್ಟಿಗೆ ಕಲಿಯಲು ತೊಡಗದಿದ್ದರೆ ನಮ್ಮ ಜನ ಒಟ್ಟಿಗೆ ಬಾಳುವುದನ್ನು ಕಲಿಯುವ ಆಸೆ ಇಟ್ಟುಕೊಳ್ಳುವುದು ಕಷ್ಟ ಎಂದು ಒಪ್ಪದ ನಾಲ್ವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನ ತೀರ್ಪು ಬರೆದರು. ಮನೆಯ ಜಾಹೀರಾತಿನಲ್ಲಿ ಮೊದಲು ನೋಡುವ ಹತ್ತಕ್ಕೆ ಒಂಬತ್ತು ಎಂಬ ಶಾಲಾ ಅಂಕ, ಆ ತೀರ್ಪು ಭದ್ರಪಡಿಸಿದ ಗಡಿಯೊಳಗಿನ ಅಂಕ. ನಾವು ಕೊಡುವ ಮನೆಯ ಬೆಲೆಯಲ್ಲಿ ಆ ಗಡಿಯ ಬೆಲೆಯೂ ಸೇರಿದೆ.

ನಾವು ಈ ದೇಶಕ್ಕೆ ಬಂದದ್ದೂ ಅದೇ ಕಾಲದ ಬಾಗಿಲಿನಿಂದ. 1965ಕ್ಕೆ ಮುಂಚೆ ಭಾರತಕ್ಕಿದ್ದ ವಾರ್ಷಿಕ ವಲಸೆ ಕೋಟಾ 100 ಮಂದಿ. ಅದನ್ನು ತೆಗೆದುಹಾಕಿದ ವಲಸೆ ಕಾನೂನನ್ನು ಮಂಡಿಸಿದವರಲ್ಲಿ ಮಿಷಿಗನ್ ಸೆನೆಟರ್ ಫಿಲಿಪ್ ಹಾರ್ಟ್ ಒಬ್ಬರು. ನಾಗರಿಕ ಹಕ್ಕುಗಳ ಚಳವಳಿಯ ಒತ್ತಡವಿಲ್ಲದಿದ್ದರೆ ಆ ಮಸೂದೆ ಅಷ್ಟು ಸುಲಭಕ್ಕೆ ಗೆಲ್ಲುತ್ತಿರಲಿಲ್ಲ. ಹಾಗೆ ಆರಿಸಿ ತರಿಸಿಕೊಂಡದ್ದು ಓದಿದವರನ್ನು, ವೈದ್ಯರನ್ನು, ಎಂಜಿನಿಯರುಗಳನ್ನು. ಆಮೇಲೆ ‘ನೋಡಿ, ಇವರು ಕಷ್ಟಪಟ್ಟು ಮೇಲೆ ಬಂದರು’ ಎಂದು ಕಪ್ಪು ಜನರೆದುರು ಎತ್ತಿ ತೋರಿಸಿದರು. ಮಗಳು ಶಾಲೆಯ ಚರಿತ್ರೆಯ ಪಾಠ ಓದಿ ಬಂದು ‘ಅಪ್ಪ, ನಾವು ಯಾಕೆ ಆ ಕಡೆ ಹೋಗುವುದಿಲ್ಲ?’ ಎಂದು ಕೇಳಿದರೆ ‘ಅವರು ಓದುವುದಿಲ್ಲ’ ಎನ್ನುವುದು ಸುಲಭ. ಅವಳ ಶಿಕ್ಷಕಿಗೆ ಮೇಲಿನದೆಲ್ಲ ಗೊತ್ತಿರುತ್ತದೆ, ನಮ್ಮ ಉತ್ತರ ತರಗತಿಯಲ್ಲಿ ಒಂದು ದಿನವೂ ಬಾಳುವುದಿಲ್ಲ. ಕಪ್ಪು ಜನರ ಚರಿತ್ರೆಯನ್ನು ಹೇಳುವ ಡೆಟ್ರಾಯ್ಟಿನ ಚಾರ್ಲ್ಸ್ ರೈಟ್ ವಸ್ತುಸಂಗ್ರಹಾಲಯಕ್ಕೆ ಒಂದು ಶನಿವಾರ ಕರೆದೊಯ್ಯಿರಿ. ಕನ್ನಡ ಶಾಲೆಯ ದೊಡ್ಡ ಮಕ್ಕಳನ್ನು ಒಟ್ಟಾಗಿ ಕರೆದೊಯ್ದರೆ ಇನ್ನೂ ಒಳ್ಳೆಯದು.

ಎಲ್ಲ ಕಡೆಯೂ ಸರ್ಕಾರ ಹೀಗೆಯೇ ನಡೆದುಕೊಂಡಿತು ಎನ್ನುವಂತಿಲ್ಲ. ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ 1967ರ ಅದೇ ಜುಲೈನಲ್ಲಿ ನಡೆದ ಗಲಭೆಯಲ್ಲಿ 26 ಮಂದಿ ಸತ್ತರು. ಅಲ್ಲಿನ ಸಿಟ್ಟಿನ ಒಂದು ಕಾರಣ, ವೈದ್ಯಕೀಯ ಕಾಲೇಜಿಗಾಗಿ ಕಪ್ಪು ಜನರ ಸೆಂಟ್ರಲ್ ವಾರ್ಡಿನಲ್ಲಿ 150 ಎಕರೆ ತೆರವು ಮಾಡುವ ಯೋಜನೆ. ಗಲಭೆಯ ನಂತರ, 1968ರಲ್ಲಿ, ಅಧಿಕಾರಿಗಳು ಆ ವಾರ್ಡಿನ ನಿವಾಸಿಗಳ ಎದುರು ಕುಳಿತು ಮಾತನಾಡಬೇಕಾಯಿತು. ಒಪ್ಪಂದವಾದಾಗ ಜಾಗ 60 ಎಕರೆಗೂ ಕಡಿಮೆಗೆ ಇಳಿದಿತ್ತು, ಕಾಲೇಜು ಕಟ್ಟುವ ಕೆಲಸದಲ್ಲೂ ಆಸ್ಪತ್ರೆಯಲ್ಲೂ ಸ್ಥಳೀಯರಿಗೆ ಪಾಲು ಬರೆದಾಗಿತ್ತು. ನ್ಯೂಜೆರ್ಸಿಯ ಎಡಿಸನ್ ಕಡೆಯ ಸದಸ್ಯರಲ್ಲಿ ಆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ವೈದ್ಯರಿದ್ದರೆ ದಯವಿಟ್ಟು ಬರೆಯಿರಿ. ಒಪ್ಪಂದದ ಎಷ್ಟು ಭಾಗ ನಿಜವಾಗಿ ಉಳಿಯಿತು ಎಂಬುದನ್ನು ನಿಮ್ಮಿಂದ ಕೇಳಬೇಕೆಂದಿದ್ದೇನೆ.