ಬೆಳಗ್ಗೆಯ ಪರ್ಮಿಟ್ ಮಧ್ಯಾಹ್ನಕ್ಕೆ ನಡೆಯುತ್ತದಾ?

ಪ್ರಶ್ನೆ: ಸರ್, ನಮಸ್ಕಾರ. ಮಂಗಳೂರಿನ ಬೈಕಂಪಾಡಿ ಕಡೆ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್ ನಾನು. ಆರು ಜನ ಹುಡುಗರಿದ್ದಾರೆ, ನಾಲ್ವರು ಒಡಿಶಾದವರು. ಹೋದ ವಾರ ಇಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಟ್ಯಾಂಕಿನ ಕೆಸರು ತೆಗೆಯುವ ಕೆಲಸ ಇತ್ತು. ಬೆಳಗ್ಗೆ 9ಕ್ಕೆ ಗ್ಯಾಸ್ ಟೆಸ್ಟ್ ಮಾಡಿ, ಒಳಗೆ ಇಳಿಯಲು ಲಿಖಿತ ಅನುಮತಿ (ಪರ್ಮಿಟ್) ಕೊಟ್ಟರು. 1 ಗಂಟೆಗೆ ಊಟಕ್ಕೆಂದು ಹತ್ತಿ ಬಂದೆವು. ಮತ್ತೆ ಇಳಿಯುವ ಮೊದಲು ಇನ್ನೊಮ್ಮೆ ಟೆಸ್ಟ್ ಮಾಡಿ ಎಂದು ಕೇಳಿದೆ. ಅಧಿಕಾರಿ ಕುರ್ಚಿಯಿಂದ ಏಳಲೇ ಇಲ್ಲ, ‘ಬೆಳಗ್ಗೆಯದ್ದೇ ಸಂಜೆ 6ರವರೆಗೆ ಇದೆಯಲ್ಲ’ ಎಂದು ಸಹಿ ಹಾಕಿ ಕೊಟ್ಟರು. ಅವತ್ತು ಏನೂ ಆಗಲಿಲ್ಲ. ಆದರೆ ನನಗೆ ನಿದ್ದೆ ಬರುತ್ತಿಲ್ಲ. ನಾನು ಒಪ್ಪದೇ ಇರಬಹುದಿತ್ತಾ? ಒಪ್ಪದಿದ್ದರೆ ಕಂಟ್ರಾಕ್ಟ್ ಹೋಗುತ್ತದೆ ಅಂತಾರೆ ನಮ್ಮ ಮಾಲೀಕರು.

ಉತ್ತರ (ಸೇಫ್ಟಿ ಆಫೀಸರ್, 22 ವರ್ಷ): ಒಪ್ಪದೇ ಇರಬಹುದಿತ್ತು. ಇರಲೇಬೇಕಿತ್ತು. ಹೀಗೆ ಹೇಳುವುದು ನಿಮ್ಮನ್ನು ಬೈಯಲು ಅಲ್ಲ. ಟೆಸ್ಟ್ ಕೇಳಿದ್ದು ನೀವೊಬ್ಬರೇ, ಅದು ಸಣ್ಣ ಮಾತಲ್ಲ.

ಬೆಳಗ್ಗೆ 9ರ ರೀಡಿಂಗ್ ಹೇಳುವುದು 9 ಗಂಟೆಯ ಗಾಳಿಯನ್ನು ಮಾತ್ರ. ಕೆಸರು ಇರುವ ಟ್ಯಾಂಕಿನಲ್ಲಿ ಇದು ಇನ್ನೂ ಮುಖ್ಯ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷ ಗ್ಯಾಸ್ ಕೆಸರಿನೊಳಗೆ ಸಿಕ್ಕಿಕೊಂಡಿರುತ್ತದೆ. ಯಾರೂ ತುಳಿಯದಿದ್ದಾಗ ಗ್ಯಾಸ್ ಮೀಟರ್ ಸೊನ್ನೆ ತೋರಿಸುತ್ತದೆ; ಗುದ್ದಲಿ ಹಾಕಿದಾಗ, ನೀರಿನ ಜೆಟ್ ಹೊಡೆದಾಗ ಎದ್ದು ಬರುತ್ತದೆ. ಬೆಳಗ್ಗೆಯಿಡೀ ನಿಮ್ಮ ಹುಡುಗರು ಮಾಡಿದ್ದು ಅದನ್ನೇ. ಊಟದ ಹೊತ್ತಿಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸಿದ್ದರೆ ಆ ಒಂದು ಗಂಟೆ ಗ್ಯಾಸ್ ಕೆಳಗೇ ತುಂಬಿರುತ್ತದೆ, ಗಾಳಿಗಿಂತ ಭಾರ ಅದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹತ್ತಿ ಬರೋಣ ಎಂದು ನಂಬಬೇಡಿ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ಹತ್ತಿರ ಮೂಗೇ ಸತ್ತುಹೋಗುತ್ತದೆ, ವಾಸನೆ ಹೋಯಿತು ಎಂದುಕೊಳ್ಳುತ್ತೇವೆ. 500 ದಾಟಿದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಕುಸಿಯುತ್ತಾನೆ.

ನನ್ನ ಮೂರನೇ ವರ್ಷದ ಕೆಲಸದಲ್ಲಿ ಟ್ಯಾಂಕಿನ ಬಾಯಿಯಲ್ಲಿ ಮೀಟರ್ ಹಿಡಿದು ಆಮ್ಲಜನಕ ಶೇ 20.9 ಎಂದು ಬರೆದುಕೊಂಡಿದ್ದೆ. ಸಹಿ ಹಾಕಲು ಪೆನ್ನು ತೆಗೆದಾಗ ಒಬ್ಬ ಹಳೆಯ ಫಿಟ್ಟರ್ ‘ಸರ್, ಮೀಟರಿನ ಟ್ಯೂಬ್ ಕೆಳಗಿಳಿಸಿ ನೋಡಿ’ ಎಂದರು. ನಾಲ್ಕು ಮೀಟರ್ ಕೆಳಗೆ ಅಲಾರಂ ಕೂಗಿತು. ಆ ಫಿಟ್ಟರ್ ಸುಮ್ಮನಿದ್ದಿದ್ದರೆ ನನ್ನ ಸಹಿಯ ಮೇಲೆ ಒಂದು ಹೆಣ ಬೀಳುತ್ತಿತ್ತು. ಅಂದಿನಿಂದ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ನೋಡದೆ ಬರೆಯುವುದಿಲ್ಲ. ಆಮ್ಲಜನಕ ಶೇ 19.5ರಿಂದ 23.5ರೊಳಗೆ ಇರಬೇಕು, ಹೊತ್ತಿಕೊಳ್ಳುವ ಗ್ಯಾಸ್ ಎಲ್‌ಇಎಲ್‌ನ (ಬೆಂಕಿ ಹತ್ತಲು ಬೇಕಾದ ಕನಿಷ್ಠ ಪ್ರಮಾಣದ) ಶೇ 10ಕ್ಕಿಂತ ಕಡಿಮೆ ಇರಬೇಕು. ಕೆಲಸ ನಡೆಯುವಷ್ಟು ಹೊತ್ತೂ ಒಳಗಿನವರ ಎದೆಯ ಮೇಲೆ ಒಂದು ಮೀಟರ್ ಇರಬೇಕು. ಎಲ್ಲರೂ ಹತ್ತಿ ಬಂದರೆ, ಮತ್ತೆ ಇಳಿಯುವ ಮೊದಲು ಹೊಸ ಟೆಸ್ಟ್.

1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿಯೇ ಬರೆದಿತ್ತು. ಸಮರ್ಥ ವ್ಯಕ್ತಿ ತಾನೇ ಪರೀಕ್ಷೆ ಮಾಡಿ ಬರವಣಿಗೆಯಲ್ಲಿ ಕೊಡಬೇಕು. ಇಲ್ಲವಾದರೆ ಇಳಿಯುವವನಿಗೆ ಉಸಿರಾಟದ ಸಾಧನ, ಬೆಲ್ಟು, ಹಗ್ಗ, ಹಗ್ಗದ ತುದಿ ಹಿಡಿದು ಹೊರಗೊಬ್ಬ. ‘ತಾನೇ ಪರೀಕ್ಷೆ ಮಾಡಿ’ ಎಂದಿತ್ತು. ಕುರ್ಚಿಯಲ್ಲಿ ಕೂತು ಎಂದಿರಲಿಲ್ಲ.

ಇನ್ನು ಕಂಟ್ರಾಕ್ಟ್ ವಿಷಯ. ಅಧಿಕಾರಿಯ ಜೊತೆ ವಾದಕ್ಕೆ ಇಳಿಯಬೇಡಿ. ‘ಸರ್, ಮ್ಯಾನ್‌ಹೋಲ್ ಹತ್ತಿರ ಬನ್ನಿ, ಮೀಟರ್ ನೋಡಿ ಅಲ್ಲೇ ಸಹಿ ಹಾಕಿ, ಹುಡುಗರಿಗೂ ಧೈರ್ಯ’ ಎನ್ನಿ. ಬರದಿದ್ದರೆ ‘2 ಗಂಟೆಗೆ ಟೆಸ್ಟ್ ಆಗಿಲ್ಲ, ಇಳಿದಿಲ್ಲ’ ಎಂದು ಪರ್ಮಿಟ್ಟಿನ ಮೇಲೇ ಬರೆದು, ಫೋಟೋ ತೆಗೆದು, ಅವರಿಗೂ ನಿಮ್ಮ ಮಾಲೀಕರಿಗೂ ಕಳಿಸಿ. ಹಾಗೆ ಬರೆದ ಮೇಲೂ ಇಳಿಸಿ ಎನ್ನುವವರನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ.

ಪ್ರಶ್ನೆ (ಶಿಫ್ಟ್ ಇನ್‌ಚಾರ್ಜ್): ಸರ್, ನಮ್ಮಲ್ಲಿ ಶಿಫ್ಟ್ ಬದಲಾಗುವಾಗ ಹಳೆಯ ಪರ್ಮಿಟ್ಟನ್ನೇ ಮುಂದುವರಿಸುತ್ತಾರೆ. ಅದು ಸರಿಯೇ?

ಉತ್ತರ: ಸರಿಯಲ್ಲ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ಕಟ್ಟೆಯಲ್ಲಿ 167 ಜನ ಸತ್ತರು. ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ ಹಗಲು ಪಾಳಿಯವರು ಹೋಗಿದ್ದರು. ಆ ಕೆಲಸದ ಪರ್ಮಿಟ್ ರಾತ್ರಿ ಪಾಳಿಯವರ ಕೈಗೆ ಸಿಗಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನೇ ಚಾಲೂ ಮಾಡಿದರು, ಸೋರಿಕೆಯಾಗಿ ಸ್ಫೋಟವಾಯಿತು. ಆದ್ದರಿಂದ ಒಂದೇ ಯಂತ್ರದ ಎಲ್ಲ ಪರ್ಮಿಟ್‌ಗಳೂ ಒಂದೇ ಬೋರ್ಡಿನಲ್ಲಿ ಒಟ್ಟಿಗೆ ತೂಗಲಿ. ಹೋಗುವವರು, ಬರುವವರು ಇಬ್ಬರೂ ಯಂತ್ರದ ಎದುರು ನಿಂತು ಮಾತಾಡಲಿ. ವಾಲ್ವ್ ಮುಚ್ಚಿದ್ದಷ್ಟೇ ಸಾಲದು, ಹಳೆಯ ವಾಲ್ವ್ ಮುಚ್ಚಿದರೂ ಸೋರುತ್ತದೆ, ಪೈಪಿಗೆ ಬ್ಲೈಂಡ್ (ಅಡ್ಡ ಮುಚ್ಚುವ ಗಟ್ಟಿ ತಟ್ಟೆ) ಹಾಕಿ. ಮೋಟರಿನ ಸ್ವಿಚ್ಚಿಗೆ ಬೀಗ ಹಾಕಿ. ಕೀಲಿ ಒಳಗೆ ಕೆಲಸ ಮಾಡುವವನ ಜೇಬಿನಲ್ಲಿರಲಿ.

ಪ್ರಶ್ನೆ (ಮೊದಲು ಕೇಳಿದವರು): ಬಹಳ ಉಪಕಾರ ಸರ್. ಒಳಗಿದ್ದವನು ಬಿದ್ದುಬಿಟ್ಟರೆ ಮೇಲೆ ನಿಂತವನು ಏನು ಮಾಡಬೇಕು? ನಮ್ಮ ಹುಡುಗರಲ್ಲಿ ಇಬ್ಬರು ಅಣ್ಣ-ತಮ್ಮ.

ಉತ್ತರ: ಅಣ್ಣ ಒಳಗಿದ್ದರೆ ತಮ್ಮನನ್ನು ಮೇಲೆ ನಿಲ್ಲಿಸಬೇಡಿ. ಅವನು ಹಾರಿಯೇ ಹಾರುತ್ತಾನೆ, ತಡೆಯುವುದಕ್ಕಾಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ನಮ್ಮ ಮಂಗಳೂರಿನಲ್ಲೇ, ಮೀನು ಸಂಸ್ಕರಣಾ ಘಟಕದ ತ್ಯಾಜ್ಯದ ಟ್ಯಾಂಕಿನಲ್ಲಿ ಬಂಗಾಳದಿಂದ ಬಂದಿದ್ದ ಐವರು ಹುಡುಗರು ಹೋದರು. ಮೊದಲು ಕುಸಿದದ್ದು ಒಬ್ಬ, ಉಳಿದವರು ಅವನನ್ನು ಎತ್ತಲು ಹೋದವರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೇಲೆ ನಿಂತವನ ಕೆಲಸ ಕೂಗುವುದು, ಫೋನ್ ಮಾಡುವುದು, ಹಗ್ಗ ಎಳೆಯುವುದು, ಅಷ್ಟೇ. ಟ್ರೈಪಾಡ್ (ಮೂರು ಕಾಲಿನ ಸ್ಟ್ಯಾಂಡ್), ವಿಂಚ್ (ಹಗ್ಗ ಸುತ್ತಿ ಎತ್ತುವ ರಾಟೆ), ಬೆಲ್ಟಿಗೆ ಕಟ್ಟಿದ ಹಗ್ಗ ಇದ್ದರೆ ಒಳಗಿಳಿಯದೆಯೇ ಎತ್ತಬಹುದು. ಟ್ರೈಪಾಡ್ ಸ್ಟೋರಿನಲ್ಲಿದ್ದು ಪ್ರಯೋಜನವಿಲ್ಲ, ಮ್ಯಾನ್‌ಹೋಲ್ ಮೇಲೆ ನಿಂತಿರಬೇಕು. ಇದನ್ನು ಆ ನಾಲ್ವರಿಗೆ ಒಡಿಯಾದಲ್ಲೇ ಹೇಳಿಸಿ, ಆ ಭಾಷೆ ಬರುವವರು ಯಾರಾದರೂ ಸಿಗುತ್ತಾರೆ. ತಲೆ ಆಡಿಸಿದರೆ ಅರ್ಥವಾಯಿತು ಎಂದುಕೊಳ್ಳಬೇಡಿ; ಒಮ್ಮೆ ಖಾಲಿ ಹಗ್ಗಕ್ಕೆ ಮರಳಿನ ಮೂಟೆ ಕಟ್ಟಿ ಎಳೆಸಿ ನೋಡಿ.

ಪ್ರಶ್ನೆ: ಗುರುವಾರ ಪಕ್ಕದ ಟ್ಯಾಂಕಿದೆ ಸರ್. ಐದು ಮೀಟರ್ ಆಳ. ಹಗ್ಗ ಎಳೆಸಿ ನೋಡುತ್ತೇನೆ.

ಉತ್ತರ: ಮೀಟರಿನ ಟ್ಯೂಬ್ ಎಷ್ಟು ಉದ್ದ ಇದೆ ಎಂದು ಬುಧವಾರವೇ ಅಳೆದುಬಿಡಿ. ಆರು ಮೀಟರಾದರೂ ಬೇಕು. ಡೀಸೆಲ್ ಪಂಪನ್ನು ಮ್ಯಾನ್‌ಹೋಲ್ ಹತ್ತಿರ ಇಡಬೇಡಿ, ಅದರ ಹೊಗೆಯನ್ನು ಬ್ಲೋವರ್ ಒಳಗೆ ತಳ್ಳುತ್ತದೆ. ಕೆಲಸ ಮುಗಿದ ಮೇಲೆ ಒಂದು ಮೆಸೇಜ್ ಹಾಕಿ, ಕಾಯುತ್ತಿರುತ್ತೇನೆ.